ಕುದುರೆಯಿಲ್ಲದ ವೀರರು: ಕ್ರುಸೇಡಿನ ಗುರುತುಗಳು ಮರಳಿರುವ ಹೊತ್ತಿನಲ್ಲಿ ಹಾಸ್ಯಚಿತ್ರಗಳು ನುಡಿಯುವ ಸಾಕ್ಷ್ಯ

ಮಂಜು ಕವಿದ ದಿಬ್ಬದ ಆಚೆಯಿಂದ ಕುದುರೆಯ ಗೊರಸಿನ ಸದ್ದು ಕೇಳಿಸುತ್ತದೆ. ಸದ್ದು ಹತ್ತಿರವಾದಂತೆ ಮೊದಲು ಕಿರೀಟ, ಆಮೇಲೆ ರಾಜನ ಗಂಭೀರ ಮುಖ, ಆಮೇಲೆ ಲಗಾಮು ಹಿಡಿದವನ ಹಾಗೆ ಎದೆಯ ಮುಂದೆ ಚಾಚಿದ ಕೈ ಕಾಣುತ್ತವೆ. ಕುದುರೆ ಮಾತ್ರ ಕಾಣುವುದಿಲ್ಲ. ರಾಜ ತನ್ನ ಕಾಲಿನ ಮೇಲೆಯೇ ಕುಪ್ಪಳಿಸುತ್ತ ಬರುತ್ತಿದ್ದಾನೆ. ಬೆನ್ನು ಬಾಗುವಷ್ಟು ಗಂಟುಮೂಟೆ ಹೊತ್ತ ಸೇವಕನೊಬ್ಬ ಹಿಂದಿನಿಂದ ಎರಡು ತೆಂಗಿನ ಕರಟಗಳನ್ನು ಒಂದಕ್ಕೊಂದು ಬಡಿದು ಗೊರಸಿನ ಸದ್ದು ಹೊರಡಿಸುತ್ತಿದ್ದಾನೆ. ಬ್ರಿಟನ್ನಿನ ಹಾಸ್ಯತಂಡ ಮಾಂಟಿ ಪೈಥಾನ್ ಆರ್ಥರ್ ರಾಜನ ದಂತಕಥೆಯನ್ನು ಅಣಕಿಸಿ ಮಾಡಿದ, 1975ರಲ್ಲಿ ತೆರೆಕಂಡ ‘ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್’ ಚಿತ್ರ ಆರಂಭವಾಗುವುದು ಹೀಗೆ. ಈ ದೃಶ್ಯವನ್ನು ನೋಡಿದವರೆಲ್ಲರೂ ಕರಟವನ್ನು ನೆನಪಿಟ್ಟುಕೊಳ್ಳುತ್ತಾರೆ, ಆದರೆ ಮೂಟೆ ಹೊತ್ತವನನ್ನು ನೆನಪಿಟ್ಟುಕೊಳ್ಳುವವರು ಕಡಿಮೆ. ರಾಜನ ಸವಾರಿ ಎಂದು ನಾವು ಕೇಳುತ್ತಿರುವುದು ಆ ಸೇವಕನ ಕೈಕೆಲಸ, ಮತ್ತು ಈ ಬಗೆಯ ಹಾಸ್ಯ ತನ್ನ ಬಲವನ್ನು ಪಡೆಯುವುದು ಅಲ್ಲಿಂದಲೇ ಎಂಬುದು ನನ್ನ ತಿಳಿವಳಿಕೆ.

ಕುದುರೆಗಳಿಲ್ಲದಿರುವುದಕ್ಕೆ ಮೊದಲ ಕಾರಣ ಹಣವಿಲ್ಲದಿದ್ದುದು. ಮೂರು ಲಕ್ಷ ಪೌಂಡಿಗೂ ಕಡಿಮೆ ವೆಚ್ಚದಲ್ಲಿ ತಯಾರಾದ ಆ ಚಿತ್ರಕ್ಕೆ ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಲಿನ್‌ನಂಥ ರಾಕ್ ಸಂಗೀತ ತಂಡಗಳು ಹಣ ಹೂಡಿದ್ದವು. ಗೊರಸಿನ ಸದ್ದಿಗೆ ಕರಟ ಬಡಿಯುವುದು ರೇಡಿಯೋ ನಾಟಕದವರ ಹಳೆಯ ಉಪಾಯವಾಗಿತ್ತು. ಚಿತ್ರ ಮಾಡಿದವರು ಅದನ್ನು ಮುಚ್ಚಿಡದೆ ತೆರೆಯ ಮೇಲೆಯೇ ತಂದರು. ವೀರರು ತೊಟ್ಟ ಕಬ್ಬಿಣದ ಬಳೆಗವಚಗಳಲ್ಲಿ ಬಹುಪಾಲು ಉಣ್ಣೆಯಲ್ಲಿ ಹೆಣೆದು ಬೆಳ್ಳಿ ಬಣ್ಣ ಬಳಿದವು, ಮತ್ತು ಅವು ಸ್ಕಾಟ್ಲೆಂಡಿನ ಮಳೆಯಲ್ಲಿ ನೆನೆದು ನಟರ ಮೈಯನ್ನು ದಿನವಿಡೀ ಕೊರೆಯುತ್ತಿದ್ದವು. ಸರ್ಕಾರದ ವಶದಲ್ಲಿದ್ದ ಹಳೆಯ ಕೋಟೆಗಳಲ್ಲಿ ಚಿತ್ರೀಕರಿಸಲು ಸಿಕ್ಕಿದ್ದ ಅನುಮತಿಯನ್ನು, ಚಿತ್ರದ ವಸ್ತು ಆ ಕಟ್ಟಡಗಳ ಘನತೆಗೆ ತಕ್ಕುದಲ್ಲವೆಂಬ ಕಾರಣಕ್ಕೆ ಕೊನೆಗಳಿಗೆಯಲ್ಲಿ ಹಿಂತೆಗೆದುಕೊಳ್ಳಲಾಯಿತು. ಹಾಗಾಗಿ ಖಾಸಗಿಯವರ ಕೈಯಲ್ಲಿದ್ದ ಡೂನ್ ಕೋಟೆಯೊಂದೇ ಬೇರೆಬೇರೆ ಮೂಲೆಗಳಿಂದ ಹಲವು ಕೋಟೆಗಳ ವೇಷ ಹಾಕಬೇಕಾಯಿತು. ಒಂದು ಕಾಲದಲ್ಲಿ ಸೆರೆಮನೆಯೂ ಯುದ್ಧದ ನೆಲೆಯೂ ಆಗಿದ್ದ ಕಲ್ಲಿನ ಗೋಡೆಗಳಿಗೆ ನಗುವಿನಿಂದ ಅಗೌರವವಾಗುತ್ತದೆ ಎಂಬ ಆ ನಿಲುವನ್ನು ಯೋಚಿಸಿದಷ್ಟೂ, ಐವತ್ತು ವರ್ಷಗಳ ಬಳಿಕ ನಾವು ಎದುರಿಸುತ್ತಿರುವ ಪ್ರಶ್ನೆ ಅದರೊಳಗೇ ಇತ್ತೆಂದು ತೋರುತ್ತದೆ.

ಏಕೆಂದರೆ ಕ್ರುಸೇಡುಗಳ, ಅಂದರೆ ಜೆರುಸಲೇಮಿಗಾಗಿ ಯೂರೋಪಿನ ಕ್ರೈಸ್ತರು ಮುಸ್ಲಿಮರ ಮೇಲೆ ಸಾರಿದ ಮಧ್ಯಯುಗದ ಶಿಲುಬೆ ಯುದ್ಧಗಳ ಗುರುತುಗಳು ಈಗ ವಸ್ತುಸಂಗ್ರಹಾಲಯದಲ್ಲಿ ಸುಮ್ಮನೆ ಕುಳಿತಿಲ್ಲ. 1095ರ ನವೆಂಬರ್ 27ರಂದು ಫ್ರಾನ್ಸಿನ ಕ್ಲೆರ್ಮೋನಿನಲ್ಲಿ ಎರಡನೆಯ ಅರ್ಬನ್ ಪೋಪ್ ಜೆರುಸಲೇಮನ್ನು ಬಿಡಿಸಲು ಕರೆ ಕೊಟ್ಟಾಗ ನೆರೆದ ಜನ ಕೂಗಿದರೆಂದು ಹೇಳಲಾಗುವ ‘ದೇವುಸ್ ವುಲ್ಟ್’, ಅಂದರೆ ‘ಇದು ದೇವರ ಇಚ್ಛೆ’ ಎಂಬ ಘೋಷಣೆ 2017ರ ಆಗಸ್ಟ್‌ನಲ್ಲಿ ಅಮೆರಿಕದ ಷಾರ್ಲಟ್ಸ್‌ವಿಲ್‌ನಲ್ಲಿ ನಡೆದ ಬಿಳಿಯ ಜನಾಂಗವಾದಿಗಳ ಮೆರವಣಿಗೆಯಲ್ಲಿ ಕಾಣಿಸಿಕೊಂಡಿತು. 2011ರ ಜುಲೈ 22ರಂದು ನಾರ್ವೆಯಲ್ಲಿ 77 ಜನರನ್ನು ಕೊಂದವನು ತಾನು ಕ್ರುಸೇಡುಗಳ ಕಾಲದ ಟೆಂಪ್ಲರ್ ವೀರಸಂಘದವನೆಂದು ಹೇಳಿಕೊಂಡ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ 51 ಜನರನ್ನು ಕೊಂದವನ ಬಂದೂಕುಗಳ ಮೇಲೆ ಮಧ್ಯಯುಗದ ಯುದ್ಧಗಳ ಹೆಸರುಗಳನ್ನು ಬಿಳಿ ಅಕ್ಷರದಲ್ಲಿ ಬರೆಯಲಾಗಿತ್ತು. ಇವರೆಲ್ಲ ಹಿಂಸೆಯ ಅಂಚಿನವರೆಂದು ತಳ್ಳಿಹಾಕಬಹುದಾದರೂ, ಅಧಿಕಾರದ ನಡುಮನೆಯಲ್ಲೂ ಈ ಭಾಷೆಗೆ ಜಾಗವಿದೆ. 2001ರ ಸೆಪ್ಟೆಂಬರ್ 16ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಭಯೋತ್ಪಾದನೆಯ ವಿರುದ್ಧದ ಯುದ್ಧವನ್ನು ‘ಕ್ರುಸೇಡ್’ ಎಂದು ಕರೆದರು, ಮತ್ತು ಎರಡು ದಿನಗಳಲ್ಲಿ ಅವರ ವಕ್ತಾರರು ಅದಕ್ಕೆ ವಿಷಾದ ಸೂಚಿಸಬೇಕಾಯಿತು. 2025ರ ಜನವರಿಯಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದ ಪೀಟ್ ಹೆಗ್ಸೆತ್ ಅವರ ಎದೆಯ ಮೇಲೆ ಜೆರುಸಲೇಮ್ ಶಿಲುಬೆಯ ಹಚ್ಚೆಯೂ ತೋಳಿನ ಮೇಲೆ ‘ದೇವುಸ್ ವುಲ್ಟ್’ ಎಂಬ ಹಚ್ಚೆಯೂ ಇವೆ. ಶಿಲುಬೆಯ ಹಚ್ಚೆ ಕ್ರೈಸ್ತ ನಂಬಿಕೆಯ ಗುರುತೆಂದು ಅವರು ಹೇಳಿದ್ದಾರೆ. ಆದರೆ 2020ರಲ್ಲಿ ಅವರು ಪ್ರಕಟಿಸಿದ ರಾಜಕೀಯ ಪುಸ್ತಕದ ಶೀರ್ಷಿಕೆಯಲ್ಲೂ ‘ಕ್ರುಸೇಡ್’ ಎಂಬ ಪದವೇ ಇದೆ.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವಾಗ ಒಂದು ತೊಡಕು ಎದುರಾಗುತ್ತದೆ, ಅದನ್ನು ಇಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಕ್ರುಸೇಡ್ ಎಂಬುದನ್ನು ನಾವು ಸಾಮಾನ್ಯವಾಗಿ ‘ಧರ್ಮಯುದ್ಧ’ ಎಂದು ಅನುವಾದಿಸುತ್ತೇವೆ. ಆದರೆ ಮಹಾಭಾರತದ ಕಥೆ ಕೇಳಿ ಬೆಳೆದವರ ಕಿವಿಗೆ ಧರ್ಮಯುದ್ಧವೆಂದರೆ ನಿಯಮಕ್ಕೆ ಒಳಪಟ್ಟ ಯುದ್ಧ: ನಿರಾಯುಧನನ್ನು ಹೊಡೆಯಬಾರದು, ಬೆನ್ನು ತೋರಿದವನನ್ನು ಬೆನ್ನಟ್ಟಬಾರದು, ಸೂರ್ಯ ಮುಳುಗಿದ ಮೇಲೆ ಕಾದಬಾರದು. ಒಂದು ಮತದ ಹೆಸರಿನಲ್ಲಿ ಇನ್ನೊಂದು ಮತದವರ ಊರನ್ನು ಮುತ್ತಿ, 1099ರ ಜುಲೈ 15ರಂದು ಜೆರುಸಲೇಮಿನಲ್ಲಿ ಆದಂತೆ ಒಳಗಿದ್ದ ಜನರನ್ನು ಕಡಿದುಹಾಕುವುದಕ್ಕೆ ಆ ಹೆಸರು ಹೊಂದುವುದಿಲ್ಲ. ಅನುವಾದವೇ ಆ ಯುದ್ಧಗಳಿಗೆ ಕವಚ ತೊಡಿಸಿಬಿಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ಕ್ರುಸೇಡ್ ಅಥವಾ ಶಿಲುಬೆ ಯುದ್ಧ ಎಂಬ ಮಾತುಗಳನ್ನೇ ಬಳಸುತ್ತಿದ್ದೇನೆ.

ಕವಚ ಕಳಚುವ ಕೆಲಸವನ್ನು ಪೈಥಾನ್ ತಂಡಕ್ಕಿಂತ ಒಂಬತ್ತು ವರ್ಷ ಮೊದಲೇ, ಮತ್ತು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಆಳವಾಗಿ ಮಾಡಿದವರು ಇಟಲಿಯ ಮಾರಿಯೋ ಮೋನಿಚೆಲ್ಲಿ. 1966ರ ಅವರ ‘ಲಾರ್ಮಾತಾ ಬ್ರಾಂಕಲಿಯೋನೆ’ ಚಿತ್ರದಲ್ಲಿ ಸತ್ತನೆಂದು ತಿಳಿದ ಒಬ್ಬ ವೀರನಿಂದ ಕೆಲವರು ಒಂದು ಚರ್ಮದ ಸುರುಳಿಯನ್ನು ದೋಚುತ್ತಾರೆ. ಅದು ದಕ್ಷಿಣದ ಪೂಲಿಯಾ ಸೀಮೆಯ ಔರೋಕಾಸ್ತ್ರೋ ಎಂಬ ಕೋಟೆಯೂರನ್ನು ಉಂಬಳಿಯಾಗಿ ಕೊಟ್ಟ ಸನ್ನದು. ಸನ್ನದಿದ್ದರೆ ಸಾಲದು, ಅದನ್ನು ಹಿಡಿದು ಹೋಗಲು ವೀರನ ಮುಖವೂ ಬೇಕಷ್ಟೆ. ಹಾಗೆಂದು ಅವರು ವಿತ್ತೋರಿಯೋ ಗಾಸ್‌ಮನ್ ನಟಿಸಿರುವ ಬ್ರಾಂಕಲಿಯೋನೆ ಎಂಬ ಬರಿಗೈ ಸರದಾರನನ್ನು ಗೊತ್ತುಮಾಡಿಕೊಳ್ಳುತ್ತಾರೆ. ಮಾತು ಕೇಳದ ಹಳದಿ ಕುದುರೆ, ಪೆಟ್ಟಿಗೆಯೊಂದನ್ನೇ ಮನೆ ಮಾಡಿಕೊಂಡ ಮುದಿ ಯಹೂದಿ ವ್ಯಾಪಾರಿ, ಹರಕು ಬಟ್ಟೆಯ ನಾಲ್ಕಾರು ಜನ, ಇಷ್ಟೇ ಅವನ ಸೈನ್ಯ. ಸನ್ನದಿನ ಒಂದು ತುಂಡು ಹರಿದುಹೋಗಿದೆ. ಅವರು ಊರು ಸೇರಿ ಒಡೆತನ ವಹಿಸಿಕೊಂಡ ಮೇಲೆಯೇ ಆ ತುಂಡಿನಲ್ಲಿ ಏನಿತ್ತೆಂಬುದು ಗೊತ್ತಾಗುತ್ತದೆ: ಉಂಬಳಿ ಪಡೆದವನು ಸಮುದ್ರದಿಂದ ಬರುವ ದಾಳಿಕೋರರಿಂದ ಊರನ್ನು ಕಾಯಬೇಕೆಂಬ ಷರತ್ತು.

ಉಂಬಳಿ, ಜಹಗೀರು, ಇನಾಮತಿಗಳ ಕಾಗದಪತ್ರಕ್ಕಾಗಿ ತಲೆಮಾರುಗಳ ವ್ಯಾಜ್ಯ ಕಂಡ ನಾಡಿನವರಾದ ನಮಗೆ ಈ ಕಥೆ ದೂರದ್ದೆನಿಸಬೇಕಾಗಿಲ್ಲ. ವೀರತ್ವ ರಕ್ತದಲ್ಲಿದೆ ಎಂದು ವೀರಗಾಥೆ ಹೇಳಿದರೆ, ವೀರತ್ವ ಕಾಗದದಲ್ಲಿದೆ ಮತ್ತು ಕಾಗದ ಕೈ ಬದಲಾಯಿಸುತ್ತದೆ ಎಂದು ಈ ಚಿತ್ರ ಹೇಳುತ್ತದೆ. 2001ರ ಹಾಲಿವುಡ್ ಚಿತ್ರ ‘ಎ ನೈಟ್ಸ್ ಟೇಲ್’ ಕೂಡ ನಕಲಿ ವಂಶಪತ್ರ ಹಿಡಿದು ಕಣಕ್ಕಿಳಿಯುವ ಬಡವನ ಮಗನ ಕಥೆ, ಆದರೆ ಅದು ಕೊನೆಯಲ್ಲಿ ಅವನಿಗೆ ನಿಜವಾದ ಪದವಿಯನ್ನೇ ಕೊಡಿಸಿ ವೀರಗಾಥೆಯೊಂದಿಗೆ ರಾಜಿಯಾಗುತ್ತದೆ. ಇತಿಹಾಸ ಈ ಎರಡೂ ಚಿತ್ರಗಳಿಗಿಂತ ಮುಂದೆ ಹೋಗಿದೆ. ಫ್ರಾನ್ಸಿನ ದೊರೆ ಲೂಯಿ ಫಿಲಿಪ್ 1840ರ ದಶಕದಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಕ್ರುಸೇಡುಗಳ ಕೋಣೆಗಳನ್ನು ತೆರೆದು, ಆ ಯುದ್ಧಗಳಲ್ಲಿ ಕಾದಿದ ಮನೆತನಗಳ ಲಾಂಛನಗಳನ್ನು ಅಲ್ಲಿ ಚಿತ್ರಿಸಲು ಏರ್ಪಾಟು ಮಾಡಿದ. ತಮ್ಮ ಹಿರಿಯರೂ ಅಲ್ಲಿದ್ದರೆಂದು ತೋರಿಸಲು ಮನೆತನಗಳು ಮುಗಿಬಿದ್ದವು, ಮತ್ತು ಅವರಿಗೆ ಮಾರಲೆಂದೇ ಮಧ್ಯಯುಗದ ಸಾಲಪತ್ರಗಳನ್ನು ರಾಶಿರಾಶಿಯಾಗಿ ಸೃಷ್ಟಿಸಲಾಯಿತು. ಅವು ನಕಲಿಯೆಂದು ದೃಢಪಟ್ಟದ್ದು ನೂರು ವರ್ಷಗಳ ಮೇಲೆ. ಇಂದು ಬಾವುಟಗಳ ಮೇಲೆ ಕಾಣುವ ನಿಷ್ಕಳಂಕ ಶಿಲುಬೆ ಯೋಧನ ಚಿತ್ರ ಹನ್ನೆರಡನೆಯ ಶತಮಾನದಿಂದ ನೇರವಾಗಿ ಬಂದುದಲ್ಲ. ಅದರ ಬಹುಭಾಗ ಹತ್ತೊಂಬತ್ತನೆಯ ಶತಮಾನದ ಈ ಬಗೆಯ ಕಾರ್ಖಾನೆಗಳಲ್ಲಿ, ಕಾದಂಬರಿಗಳಲ್ಲಿ, ಅರಮನೆಯ ಗೋಡೆಗಳ ಮೇಲೆ ತಯಾರಾದದ್ದು.

ಮೋನಿಚೆಲ್ಲಿ ಮತ್ತು ಅವರ ಚಿತ್ರಕಥೆಗಾರರು ಪಾತ್ರಗಳಿಗಾಗಿ ಒಂದು ಭಾಷೆಯನ್ನೇ ಕಟ್ಟಿದರು. ಲ್ಯಾಟಿನ್ನಿನ ಚೂರುಗಳು, ಹಳೆಯ ಇಟಾಲಿಯನ್, ಊರೂರಿನ ಆಡುನುಡಿಗಳು ಬೆರೆತ ಆ ಭಾಷೆಯಲ್ಲಿ ಬ್ರಾಂಕಲಿಯೋನೆ ಬಾಯಿ ತೆರೆದಾಗಲೆಲ್ಲ ದೊಡ್ಡ ಮಾತು ಹೊರಡುತ್ತದೆ, ಹಾಗೆಯೇ ಅರ್ಧ ದಾರಿಯಲ್ಲಿ ಎಡವುತ್ತದೆ. ಇಟಲಿಯಲ್ಲಿ ‘ಬ್ರಾಂಕಲಿಯೋನೆಯ ಸೈನ್ಯ’ ಎಂಬುದು ಇಂದಿಗೂ ನಾಣ್ಣುಡಿ: ತಲೆಬುಡವಿಲ್ಲದ ಗುಂಪು ದೊಡ್ಡ ಕಾರ್ಯಕ್ಕೆ ಹೊರಟಾಗ, ಒಡಕು ಮೈತ್ರಿಕೂಟ ಸರ್ಕಾರ ರಚಿಸಿದಾಗ ಜನ ಅದನ್ನು ಬಳಸುತ್ತಾರೆ. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಾವು ಹೇಳುವಲ್ಲಿಯೂ ಇದೇ ಬಗೆಯ ವಿವೇಕವಿದೆ. ಅಂತಃಪುರದಲ್ಲಿ ಪ್ರತಾಪ ಕೊಚ್ಚಿ, ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ಕುಮಾರವ್ಯಾಸನ ಉತ್ತರಕುಮಾರ ಯಾವ ಮತಕ್ಕೂ ಅವಮಾನ ಮಾಡಿದವನಲ್ಲ. ವೀರಕಾವ್ಯವೇ ತನ್ನೊಳಗೆ ಅವನಿಗೆ ಜಾಗ ಕೊಟ್ಟಿತು, ಮತ್ತು ಯಕ್ಷಗಾನ ಅವನನ್ನು ಇಂದಿಗೂ ರಂಗದ ಮೇಲೆ ಓಡಿಸುತ್ತಿದೆ.

ಆದರೆ ಪವಿತ್ರವೆಂದು ಕರೆದುಕೊಂಡ ಯುದ್ಧವನ್ನು ನಗುವಾಗ ಪ್ರಶ್ನೆ ಬೇರೆಯಾಗುವುದಿಲ್ಲವೇ? ಭಕ್ತಿಗೂ ಆ ಪೆಟ್ಟು ತಗಲುವುದಿಲ್ಲವೇ? ಇದನ್ನು ಕೇಳುವವರ ಆತಂಕ ಪ್ರಾಮಾಣಿಕವಾದದ್ದು, ಆದ್ದರಿಂದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬೇಕು. ಪೈಥಾನ್ ಚಿತ್ರದಲ್ಲಿ ಒಂದು ಗುಹೆಯ ಬಾಯಲ್ಲಿ ಕೊಲೆಗಡುಕ ಮೊಲವೊಂದಿದೆ. ಅದನ್ನು ಕೊಲ್ಲಲು ಸನ್ಯಾಸಿಗಳು ಮೆರವಣಿಗೆಯಲ್ಲಿ, ಮಂತ್ರ ಪಠಿಸುತ್ತ, ಪೆಟ್ಟಿಗೆಯಲ್ಲಿಟ್ಟ ‘ಆಂಟಿಯೋಕಿನ ಪವಿತ್ರ ಕೈಬಾಂಬ’ನ್ನು ಹೊರತರುತ್ತಾರೆ. ಎಸೆಯುವ ಮುನ್ನ ಎಷ್ಟರವರೆಗೆ ಎಣಿಸಬೇಕೆಂಬ ವಿಧಿಯನ್ನು ಧರ್ಮಗ್ರಂಥದ ಧಾಟಿಯಲ್ಲಿ ಓದುತ್ತಾರೆ. ಇಷ್ಟಾದರೂ ರಾಜ ಮೂರರವರೆಗೆ ಎಣಿಸಲು ತಪ್ಪುತ್ತಾನೆ.

ಆಂಟಿಯೋಕ್ ಎಂಬ ಹೆಸರು ಅಲ್ಲಿ ಸುಮ್ಮನೆ ಬಂದು ಕೂತದ್ದಲ್ಲ. 1098ರ ಜೂನ್‌ನಲ್ಲಿ ಮೊದಲ ಕ್ರುಸೇಡಿನ ಸೈನ್ಯ ಆ ನಗರವನ್ನು ಹಿಡಿದು, ಮರುಕ್ಷಣವೇ ಅದರೊಳಗೆ ತಾನೇ ಮುತ್ತಿಗೆಗೆ ಸಿಕ್ಕಿ ಹಸಿವಿನಿಂದ ಕಂಗೆಟ್ಟಿತ್ತು. ಆಗ ಪೀಟರ್ ಬಾರ್ಥೊಲೊಮ್ಯೂ ಎಂಬ ಬಡ ಯಾತ್ರಿಕ, ಯೇಸುವಿನ ಪಕ್ಕೆಯನ್ನು ಇರಿದ ಈಟಿ ಅಲ್ಲಿನ ಸಂತ ಪೇತ್ರನ ಇಗರ್ಜಿಯ ನೆಲದಡಿ ಇದೆಯೆಂದು ತನಗೆ ದರ್ಶನವಾಗಿದೆ ಎಂದ. ಅಗೆದರು, ಕಬ್ಬಿಣದ ತುಂಡೊಂದು ಸಿಕ್ಕಿತು. ಸೈನ್ಯದ ಎದೆಗಾರಿಕೆ ಮರಳಿತು, ಆ ಈಟಿಯನ್ನು ಮುಂದಿಟ್ಟುಕೊಂಡು ಅವರು ಜೂನ್ 28ರಂದು ಹೊರಬಂದು ಗೆದ್ದರು. ಗೆದ್ದ ಮೇಲೆ ನಾಯಕರ ನಡುವೆ ಒಡಕು ಹುಟ್ಟಿ, ಈಟಿ ನಿಜವೇ ಎಂಬ ಸಂಶಯ ಅವರ ಆಯುಧವಾಯಿತು. 1099ರ ಏಪ್ರಿಲ್‌ನಲ್ಲಿ ಪೀಟರ್ ಅಗ್ನಿದಿವ್ಯಕ್ಕೆ ಒಪ್ಪಿಕೊಂಡ. ಹೊತ್ತಿ ಉರಿಯುವ ಎರಡು ಸೌದೆಯ ರಾಶಿಗಳ ನಡುವಿನ ಕಿರಿದಾದ ದಾರಿಯಲ್ಲಿ ಈಟಿ ಹಿಡಿದು ನಡೆದ, ಮತ್ತು ಕೆಲವೇ ದಿನಗಳಲ್ಲಿ ಸತ್ತ. ಬೆಂಕಿ ಅವನನ್ನು ಸುಡಲಿಲ್ಲ, ಮುತ್ತಿಕೊಂಡ ಜನರ ನೂಕುನುಗ್ಗಲು ಅವನನ್ನು ಕೊಂದಿತು ಎಂದು ಅವನ ಕಡೆಯವರು ಹೇಳಿದರು.

ಈ ವೃತ್ತಾಂತವನ್ನು ತಿಳಿದ ಮೇಲೆ ಕೈಬಾಂಬಿನ ದೃಶ್ಯವನ್ನು ಮತ್ತೊಮ್ಮೆ ನೋಡಿದರೆ ಅದು ಭಕ್ತನನ್ನು ಅಣಕಿಸುತ್ತಿದೆ ಎಂದು ನನಗೆ ಅನಿಸುವುದಿಲ್ಲ. ಕೊಲ್ಲುವ ಸಾಧನಕ್ಕೆ ಪೂಜೆ ಸಲ್ಲಿಸಿದೊಡನೆ ಕೊಲೆ ವಿಧಿಯಾಗಿ ಮಾರ್ಪಡುವ ಬಗೆಯನ್ನು ಅದು ತೋರಿಸುತ್ತದೆ. ಬಡ ಪೀಟರನ ನಂಬಿಕೆ ಸುಳ್ಳೋ ನಿಜವೋ ಎಂದು ಯಾರೂ ಈಗ ತೀರ್ಮಾನಿಸಲಾರರು, ಆದರೆ ಆ ನಂಬಿಕೆಯನ್ನು ಬಳಸಿಕೊಂಡ ಸರದಾರರ ಲೆಕ್ಕಾಚಾರ ಸ್ಪಷ್ಟವಾಗಿದೆ. ಮೋನಿಚೆಲ್ಲಿ 1970ರಲ್ಲಿ ಮಾಡಿದ ಮುಂದಿನ ಭಾಗದಲ್ಲಿ ಬ್ರಾಂಕಲಿಯೋನೆಯೂ ಇಂಥದೇ ದಿವ್ಯಕ್ಕೆ ಒಳಗಾಗುತ್ತಾನೆ. ಪೋಪ್ ಮತ್ತು ಎದುರಾಳಿ ಪೋಪ್ ಇಬ್ಬರಲ್ಲಿ ಯಾರು ನಿಜವೆಂದು ತೀರ್ಮಾನಿಸಲು ಅವನು ಕೆಂಡದ ಮೇಲೆ ನಡೆಯಬೇಕು. ವಿವಾದ ಮೇಲಿನವರದು, ಸುಡುವ ಪಾದ ಕೆಳಗಿನವನದು.

ಇತಿಹಾಸದ ಹಾಳೆಗಳಲ್ಲಿ ಹಾಸ್ಯಗಾರನೂ ಊಹಿಸಲು ಹಿಂಜರಿಯುವ ಸಂಗತಿಗಳಿವೆ. ಆಖೆನ್ನಿನ ಆಲ್ಬರ್ಟ್ ಎಂಬ ಮಧ್ಯಯುಗದ ಬರಹಗಾರ, 1096ರಲ್ಲಿ ಹೊರಟ ಜನಸಾಮಾನ್ಯರ ಗುಂಪೊಂದು ಒಂದು ಹೆಬ್ಬಾತನ್ನೂ ಒಂದು ಆಡನ್ನೂ ಪವಿತ್ರಾತ್ಮ ಆವೇಶಿಸಿದೆಯೆಂದು ನಂಬಿ ಅವುಗಳ ಹಿಂದೆ ನಡೆಯಿತೆಂದು ದಾಖಲಿಸಿದ್ದಾನೆ. ಇಲ್ಲಿಯವರೆಗೆ ಓದಿ ನಗಬಹುದು. ಅದೇ ವರ್ಷ, ಅದೇ ಹುಮ್ಮಸ್ಸಿನ ಗುಂಪುಗಳು ರೈನ್ ನದಿಯ ದಂಡೆಯ ಷ್ಪೇಯರ್, ವರ್ಮ್ಸ್, ಮೈಂಟ್ಸ್ ನಗರಗಳಲ್ಲಿ ಯಹೂದಿಗಳನ್ನು ಕೊಂದವು. ಜೆರುಸಲೇಮ್ ಇನ್ನೂ ಸಾವಿರಾರು ಮೈಲಿ ದೂರವಿತ್ತು. ಪೆಟ್ಟಿಗೆಯೊಳಗೆ ಬದುಕುವ ಮುದಿ ಯಹೂದಿಯನ್ನು ಮೋನಿಚೆಲ್ಲಿ ಆ ಹರಕು ಸೈನ್ಯದ ಜೊತೆಗೇ ನಡೆಸಿದ್ದು ಯಾಕೆಂದು ನಾನು ಈ ಊರುಗಳ ಹೆಸರನ್ನು ಓದುವಾಗಲೆಲ್ಲ ಯೋಚಿಸುತ್ತೇನೆ.

ಪೈಥಾನ್ ಚಿತ್ರದ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಟೆರಿ ಜೋನ್ಸ್ ಹಾಸ್ಯನಟರಷ್ಟೇ ಆಗಿರಲಿಲ್ಲ. 1980ರಲ್ಲಿ ಅವರು ಮಧ್ಯಯುಗದ ಇಂಗ್ಲಿಷ್ ಕವಿ ಚಾಸರ್‌ನ ನೈಟ್, ಅಂದರೆ ಕುದುರೆ ಸವಾರ ವೀರನ ಪಾತ್ರದ ಮೇಲೆ ಒಂದು ಅಧ್ಯಯನ ಗ್ರಂಥ ಪ್ರಕಟಿಸಿದರು. ಶತಮಾನಗಳಿಂದ ಆದರ್ಶ ವೀರನೆಂದು ಓದಿಕೊಂಡು ಬಂದ ಆ ಪಾತ್ರ, ಕಾದಿದ ಯುದ್ಧಗಳ ಪಟ್ಟಿಯನ್ನು ಗಮನವಿಟ್ಟು ನೋಡಿದರೆ, ಕೂಲಿಗಾಗಿ ಕಾದುವ ಸೈನಿಕನಂತೆ ಕಾಣುತ್ತದೆ ಎಂದು ವಾದಿಸಿದರು. ವಿದ್ವಾಂಸರಲ್ಲಿ ಹಲವರು ಒಪ್ಪಲಿಲ್ಲ, ಆದರೂ ಆ ವಾದವನ್ನು ಬದಿಗೆ ಸರಿಸಲು ಅವರಿಗೆ ಸಾಧ್ಯವಾಗಲಿಲ್ಲ. 1995ರಲ್ಲಿ ಅವರು ಬಿಬಿಸಿಗಾಗಿ ಕ್ರುಸೇಡುಗಳ ಮೇಲೆ ಸರಣಿಯೊಂದನ್ನೂ ನಡೆಸಿಕೊಟ್ಟರು. ಪೈಥಾನ್ ಚಿತ್ರದಲ್ಲಿ ರಾಜನ ವೀರರಲ್ಲೊಬ್ಬನಾದ ಲ್ಯಾನ್ಸಲಾಟ್ ಮದುವೆಮನೆಗೆ ನುಗ್ಗಿ, ಹೂಮಾಲೆ ಕಟ್ಟಿದ ಅಂಗಳದಲ್ಲಿ ಅತಿಥಿಗಳನ್ನು ಸಿಕ್ಕಸಿಕ್ಕಂತೆ ಕಡಿಯುತ್ತಾನೆ. ಆಮೇಲೆ ಇವನು ರಾಜನ ಆಸ್ಥಾನದವನೆಂದು ತಿಳಿದೊಡನೆ ಮನೆಯ ಯಜಮಾನ ಅವನನ್ನು ಆದರಿಸುತ್ತಾನೆ, ಸತ್ತವರ ಮಾತನ್ನು ಮರೆಸಲು ನೋಡುತ್ತಾನೆ. ವೀರಗಾಥೆಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಕಾದಾಟವನ್ನು ಅದರ ಪಕ್ಕದಲ್ಲಿ ನಿಂತವರ ಕಡೆಯಿಂದ ಬರೆದರೆ ಹೀಗಿರುತ್ತದೆ ಎಂಬುದು ಓದಿ ಬಲ್ಲವರ ತಿಳಿವಳಿಕೆ.

ಹಾಗೆಂದು ಈ ಚಿತ್ರಗಳು ತಪ್ಪೇ ಮಾಡಿಲ್ಲವೆಂದು ಹೇಳಲಾರೆ. ಮಧ್ಯಯುಗವೆಂದರೆ ಕೆಸರು, ಕೊಳಕು, ಪ್ಲೇಗು, ಮೌಢ್ಯ ಎಂಬ ಚಿತ್ರವನ್ನು ಅವು ಎಷ್ಟು ಬಲವಾಗಿ ಅಚ್ಚೊತ್ತಿದವೆಂದರೆ, ಮುಂದೆ ಜೋನ್ಸ್ ಅವರೇ ಆ ಕಲ್ಪನೆಯ ವಿರುದ್ಧ ಕಾರ್ಯಕ್ರಮಗಳನ್ನು ಮಾಡಬೇಕಾಯಿತು. ಬಾತುಕೋಳಿಯ ತೂಕಕ್ಕೆ ಹೆಂಗಸೊಬ್ಬಳನ್ನು ತೂಗಿ ಮಾಟಗಾತಿಯೆಂದು ತೀರ್ಮಾನಿಸುವ ದೃಶ್ಯ ತರ್ಕದ ಅಣಕವಾಗಿ ಅದ್ಭುತವಾಗಿದೆ, ಆದರೆ ಚಿತ್ರದ ಕಾಲವಾದ ಕ್ರಿ.ಶ. 932ರಲ್ಲಿ ಯೂರೋಪಿನಲ್ಲಿ ಮಾಟಗಾತಿಯರ ಬೇಟೆ ಆರಂಭವಾಗಿರಲಿಲ್ಲ. ಅದು ಉಲ್ಬಣಿಸಿದ್ದು 16 ಮತ್ತು 17ನೇ ಶತಮಾನಗಳಲ್ಲಿ. ಇನ್ನೂ ದೊಡ್ಡ ಕೊರತೆಯೆಂದರೆ ಆಚೆ ದಡದ ಜನರ ಗೈರು. ಮುಸ್ಲಿಮರು ಈ ಬಗೆಯ ಚಿತ್ರಗಳಲ್ಲಿ ಬಂದರೂ ದೂರದ ಹಡಗಿನ ಹಾಯಿಯಂತೆ ಬಂದು ಹೋಗುತ್ತಾರೆ, ಅವರಿಗೆ ನಗುವ ಸರದಿ ಸಿಗುವುದೇ ಇಲ್ಲ. ತೆಂಗಿನ ವಿಷಯದಲ್ಲಂತೂ ಚಿತ್ರದ ಕಾವಲುಗಾರ ರಾಜನನ್ನು ವೃಥಾ ಸತಾಯಿಸಿದ್ದಾನೆ. ಈ ತಂಪು ದೇಶಕ್ಕೆ ತೆಂಗಿನಕಾಯಿ ಹೇಗೆ ಬಂತೆಂದು ಅವನು ಕೇಳುತ್ತಾನಲ್ಲ, ಮಧ್ಯಯುಗದ ಕೊನೆಯ ಶತಮಾನಗಳಲ್ಲಿ ಅದು ನಿಜಕ್ಕೂ ಬಂದಿತ್ತು. ‘ಇಂಡಿಯಾದ ಕಾಯಿ’ ಎಂಬ ಹೆಸರಿನಲ್ಲಿ ನಮ್ಮ ಪಶ್ಚಿಮದ ಸಮುದ್ರ ದಾಟಿ, ಈಜಿಪ್ಟಿನ ಮುಸ್ಲಿಂ ವರ್ತಕರ ಕೈದಾಟಿ ಅದು ಯೂರೋಪ್ ಸೇರುತ್ತಿತ್ತು. ಬೆಳ್ಳಿಯ ಕಟ್ಟು ಹಾಕಿದ ಕರಟದ ಬಟ್ಟಲುಗಳನ್ನು 15ನೇ ಶತಮಾನದ ಇಂಗ್ಲೆಂಡಿನ ಸಿರಿವಂತರು ಉಯಿಲಿನಲ್ಲಿ ಬರೆದಿಡುತ್ತಿದ್ದರು, ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಅಂಥವು ಇಂದಿಗೂ ಉಳಿದಿವೆ. ಯುದ್ಧದ ಕೂಗಿನ ನಡುವೆಯೂ ನಿಲ್ಲದ ಆ ವ್ಯಾಪಾರದ ಬಗ್ಗೆ ಯಾರಾದರೂ ಒಂದು ಹಾಸ್ಯಚಿತ್ರ ಮಾಡಬೇಕಿತ್ತು.

ಇನ್ನು ಇಂದಿನ ಮುಖ್ಯ ತೊಡಕು. ‘ದೇವುಸ್ ವುಲ್ಟ್’ ನಮ್ಮ ಕಾಲಕ್ಕೆ ಮರಳಿದ ದಾರಿಗಳಲ್ಲಿ ನಗುವಿನ ದಾರಿಯೂ ಒಂದು. 2012ರಲ್ಲಿ ಬಂದ ‘ಕ್ರುಸೇಡರ್ ಕಿಂಗ್ಸ್ 2’ ಎಂಬ ಕಂಪ್ಯೂಟರ್ ಆಟವನ್ನು ಆಡುತ್ತಿದ್ದ ಹುಡುಗರು ಅದನ್ನು ತಮಾಷೆಯ ಮಾತಾಗಿ ಹಬ್ಬಿಸಿದರು, ಮೀಮ್‌ಗಳು ಹುಟ್ಟಿದವು, ಶಿರಸ್ತ್ರಾಣ ತೊಟ್ಟ ಯೋಧನ ಚಿತ್ರ ಎಲ್ಲೆಡೆ ಹರಿದಾಡಿತು. ಅವರಲ್ಲಿ ಬಹುಪಾಲು ಜನರಿಗೆ ದ್ವೇಷದ ಉದ್ದೇಶವಿರಲಿಲ್ಲ. ಆದರೆ ಉದ್ದೇಶವಿದ್ದವರು ಅದೇ ಚಿತ್ರದ ಹಿಂದೆ ನಿಂತರು, ಆಕ್ಷೇಪಿಸಿದರೆ ತಮಾಷೆಗೆ ಹೇಳಿದ್ದು ಎಂದರು. ಷಾರ್ಲಟ್ಸ್‌ವಿಲ್‌ನ ಘಟನೆಯ ನಂತರ ಅಮೆರಿಕದ ಮಧ್ಯಯುಗ ಅಧ್ಯಯನದ ಸಂಸ್ಥೆಗಳು ಒಟ್ಟಾಗಿ ಹೇಳಿಕೆ ಹೊರಡಿಸಿ, ತಾವು ಓದುವ ಕಾಲವನ್ನು ಜನಾಂಗದ್ವೇಷಕ್ಕೆ ಬಳಸುವುದನ್ನು ಖಂಡಿಸಬೇಕಾಯಿತು. ನಗು ತನ್ನಷ್ಟಕ್ಕೆ ತಾನೇ ದ್ವೇಷಕ್ಕೆ ಮದ್ದು ಎಂಬ ಮಾತನ್ನು ಆದ್ದರಿಂದ ನಾನು ಒಪ್ಪುವುದಿಲ್ಲ. ನಗಿಸುವ ಕೃತಿಯನ್ನು ಕೇಳಬೇಕಾದ ಪ್ರಶ್ನೆ ಹೆಚ್ಚು ಸರಳವಾದದ್ದು: ನಗು ಮುಗಿದಾಗ ಕವಚ ಎಲ್ಲಿದೆ?

ಮೀಮ್‌ನಲ್ಲಿ ಕವಚ ಹೊಳೆಯುತ್ತಲೇ ಇರುತ್ತದೆ, ಕಣ್ಣು ಮಿಟುಕಿಸುವವನು ನೋಡುಗ. ಬ್ರಾಂಕಲಿಯೋನೆಯ ಕಥೆಯಲ್ಲಿ ಸನ್ನದು ಹರಿದಿದೆ, ಕುದುರೆ ಮುಷ್ಕರ ಹೂಡಿದೆ, ಪವಿತ್ರ ಭೂಮಿಗೆ ಜನರನ್ನು ಕರೆದೊಯ್ಯುವ ಸನ್ಯಾಸಿ ದೇವರನ್ನು ನಂಬಿ ಕುಪ್ಪಳಿಸಿದ ಸೇತುವೆ ಮುರಿದಿದೆ. 1993ರ ಫ್ರೆಂಚ್ ಚಿತ್ರ ‘ಲೆ ವಿಜಿತರ್’ನಲ್ಲಿ ಮಧ್ಯಯುಗದ ಸರದಾರನೂ ಅವನ ಸೇವಕನೂ ಇಪ್ಪತ್ತನೆಯ ಶತಮಾನಕ್ಕೆ ಬಂದು ಬೀಳುತ್ತಾರೆ. ಫ್ರಾನ್ಸಿನಲ್ಲೇ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದ ಆ ಚಿತ್ರದಲ್ಲಿ ಸರದಾರ ತನ್ನ ಕಾಲಕ್ಕೆ ಮರಳಲು ಹಾತೊರೆಯುತ್ತಾನೆ. ಸೇವಕ ಮರಳಲು ಒಪ್ಪುವುದಿಲ್ಲ, ಉಪಾಯ ಹೂಡಿ ತನ್ನ ಬದಲು ಬೇರೊಬ್ಬನನ್ನು ಕಳಿಸುತ್ತಾನೆ. ವೀರಯುಗದ ಬಗ್ಗೆ ಅದರ ಮೂಟೆ ಹೊತ್ತವನ ಅಭಿಪ್ರಾಯ ಇದಕ್ಕಿಂತ ಸ್ಪಷ್ಟವಾಗಿ ತೆರೆಯ ಮೇಲೆ ಬಂದದ್ದನ್ನು ನಾನು ಕಂಡಿಲ್ಲ.

ಪೈಥಾನ್ ಚಿತ್ರದ ನಡುವೆ ಒಬ್ಬ ಇತಿಹಾಸಕಾರ ಕ್ಯಾಮೆರಾದ ಮುಂದೆ ನಿಂತು ರಾಜನ ಮುಂದಿನ ಯೋಜನೆಯನ್ನು ವಿವರಿಸುತ್ತಿರುತ್ತಾನೆ. ಅವನು ನಮ್ಮ ಕಾಲದವನು, ಕೋಟು ತೊಟ್ಟಿದ್ದಾನೆ. ಎಲ್ಲಿಂದಲೋ ಬಂದ ನೈಟ್ ಒಬ್ಬ, ಈ ಬಾರಿ ನಿಜವಾದ ಕುದುರೆಯ ಮೇಲೆ ಬಂದು, ಅವನ ಕತ್ತು ಕತ್ತರಿಸಿ ಹೋಗುತ್ತಾನೆ. ಚಿತ್ರ ಏನೂ ಆಗಿಲ್ಲವೆಂಬಂತೆ ಮುಂದುವರಿದು, ಆಗಾಗ ಆ ಹೆಣದ ಸುತ್ತ ವಿಚಾರಣೆ ನಡೆಸುವ ಪೊಲೀಸರನ್ನು ತೋರಿಸುತ್ತದೆ. ಕೊನೆಯಲ್ಲಿ ರಾಜನ ಹಿಂದೆ ಇದ್ದಕ್ಕಿದ್ದಂತೆ ದೊಡ್ಡ ಸೈನ್ಯ ಎದ್ದು ನಿಲ್ಲುತ್ತದೆ. ಇಡೀ ಚಿತ್ರದಲ್ಲಿ ಮೊದಲ ಬಾರಿಗೆ ನಿಜವಾದ ಯುದ್ಧದ ಸಿದ್ಧತೆ ಕಾಣುತ್ತದೆ, ಬಾವುಟಗಳು ಹಾರುತ್ತವೆ, ಎಲ್ಲರೂ ಕೂಗುತ್ತ ಮುಂದಕ್ಕೆ ನುಗ್ಗುತ್ತಾರೆ. ಆಗ ಪೊಲೀಸ್ ವಾಹನ ಅಡ್ಡ ಬರುತ್ತದೆ. ಅದರಿಂದ ಇಳಿದ ಇತಿಹಾಸಕಾರನ ಹೆಂಡತಿ ಕೈ ಚಾಚಿ, ಇವರೇ, ಖಂಡಿತ ಇವರೇ ಎಂದು ಗುರುತಿಸುತ್ತಾಳೆ. ರಾಜನನ್ನು ವಾಹನಕ್ಕೆ ಹತ್ತಿಸುತ್ತಾರೆ, ಒಬ್ಬನ ಗುರಾಣಿಯನ್ನು ಕಿತ್ತುಕೊಳ್ಳುತ್ತಾರೆ, ಪೊಲೀಸನೊಬ್ಬ ಕ್ಯಾಮೆರಾಕ್ಕೆ ಅಂಗೈ ಒಡ್ಡುತ್ತಾನೆ, ರೀಲು ಅಲ್ಲಿಗೇ ಕಳಚಿಕೊಳ್ಳುತ್ತದೆ.